ಜೆಂಕಿನ್ಸ್ ಅಪ್‌ಡೇಟ್ ಆದಮೇಲೆ ಬಿಲ್ಡ್ ನಿಂತರೆ: ದೋಷ ಹುಡುಕುವ ದಾರಿ

ದಾವಣಗೆರೆಯಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಮೆಕ್ಕೆಜೋಳದ ಆವಕ ಜೋರಾಗುತ್ತದೆ. ನಾವು ಆರು ಜನ ಸೇರಿ ದಲಾಲಿ ಅಂಗಡಿಗಳಿಗೆ, ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸುಗ್ಗಿಯ ಆ ಎರಡು ತಿಂಗಳು ನಮಗೆ ಉಸಿರಾಡಲೂ ಪುರಸೊತ್ತು ಇರುವುದಿಲ್ಲ. ಜೋಳದ ತೇವಾಂಶಕ್ಕೆ ತೂಕ ಕಳೆಯುವ ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕರೆ ಅವತ್ತೇ ತಿದ್ದಿ, ಅವತ್ತೇ ಹೊಸ ಸೆಟಪ್ ಫೈಲನ್ನು ಅಂಗಡಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ರೈತನ ಪಟ್ಟಿಯಲ್ಲಿ ದುಡ್ಡು ತಪ್ಪಾಗುತ್ತದೆ.

ಆ ಸೆಟಪ್ ಫೈಲ್ ತಯಾರಿಸುವುದು ನಮ್ಮ ಜೆಂಕಿನ್ಸ್. ಯಾರಾದರೂ ಕೋಡ್ ಸೇರಿಸಿದ ತಕ್ಷಣ ಅದನ್ನು ಎತ್ತಿಕೊಂಡು, ಕಂಪೈಲ್ ಮಾಡಿ, ಟೆಸ್ಟ್ ಓಡಿಸಿ, ಸರಿಯಿದ್ದರೆ ಮಾತ್ರ ಸೆಟಪ್ ಕಟ್ಟಿಕೊಡುವ ಸಿಐ ಸರ್ವರ್. ಹೀಗೆ ಒಂದು ಸಲ ಓಡುವುದಕ್ಕೆ ಬಿಲ್ಡ್ ಅನ್ನುತ್ತೇವೆ, ಅದಕ್ಕೆ ಹೊಂದಿಸಿಟ್ಟ ಒಂದೊಂದು ಕೆಲಸಕ್ಕೆ ಜಾಬ್ ಅನ್ನುತ್ತೇವೆ. ಚೆನ್ನಾಗಿ ಓಡುತ್ತಿದ್ದಾಗ ಅದು ಇದೆ ಅನ್ನುವುದೇ ಮರೆತುಹೋಗಿರುತ್ತದೆ. ನಾವೂ ಮೂರು ವರ್ಷ ಅದನ್ನು ಮುಟ್ಟಿರಲಿಲ್ಲ. 2.303.3 ಆವೃತ್ತಿ, ಜಾವಾ 8, ಒಂದು ಹಳೇ ಡೆಸ್ಕ್‌ಟಾಪ್. 2024ರ ಜನವರಿ 24ರಂದು ಜೆಂಕಿನ್ಸ್ ತಂಡ ಒಂದು ದೊಡ್ಡ ಭದ್ರತಾ ದೋಷ ಪ್ರಕಟಿಸಿತು. ಕಮಾಂಡ್ ಲೈನ್ ದಾರಿಯಿಂದ ಹೊರಗಿನವರು ಸರ್ವರ್‌ನ ಫೈಲ್ ಓದಬಹುದಾದ ದೋಷ ಅದು. 2.426.3 ಮತ್ತು 2.442ರಲ್ಲಿ ಅದನ್ನು ಮುಚ್ಚಿದರು. ನಾವು ಅವತ್ತೇ ಅಪ್‌ಡೇಟ್ ಮಾಡಬೇಕಿತ್ತು. ಮಾಡಿದ್ದು ಆ ವರ್ಷದ ಕೊನೆಗೆ, ಹೊಸ ಯಂತ್ರ ತಂದು, ನೇರವಾಗಿ 2.479.1ಕ್ಕೆ.

ಆಮೇಲೆ ಮೂರು ದಿನ ಒಂದೂ ಬಿಲ್ಡ್ ಆಗಲಿಲ್ಲ. ಆ ಮೂರು ದಿನದಲ್ಲಿ ಕಂಡ ದೋಷಗಳನ್ನು ಕಂಡ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಹಳೇ ಆವೃತ್ತಿಯಲ್ಲಿ ಇನ್ನೂ ಸಿಕ್ಕಿಕೊಂಡಿರುವ ಸಣ್ಣ ಆಫೀಸುಗಳು ನಮ್ಮ ಊರಲ್ಲೂ ಚಿತ್ರದುರ್ಗದಲ್ಲೂ ಇವೆ ಅಂತ ನನಗೆ ಗೊತ್ತು. ಅವರಿಗೆ ಇದು ಕೆಲಸಕ್ಕೆ ಬರಬೇಕು. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವೇ ಹೆಸರು, ಇಂಗ್ಲಿಷ್ ಅಕ್ಷರ.

ಹೊಸದೇನು ಬಂತು ಅಂತ ಮೊದಲು ಓದಿ

ಜೆಂಕಿನ್ಸ್‌ನಲ್ಲಿ ಎರಡು ಸಾಲು ಬಿಡುಗಡೆ ಇವೆ. ಒಂದು ವಾರಕ್ಕೊಮ್ಮೆ ಬರುವುದು. ಇನ್ನೊಂದು ಎಲ್‌ಟಿಎಸ್, ಅಂದರೆ ಹೆಚ್ಚು ಕಾಲ ತಿದ್ದುಪಡಿ ಸಿಗುವ ಸ್ಥಿರ ಸಾಲು. ಹನ್ನೆರಡು ವಾರಕ್ಕೊಮ್ಮೆ ಒಂದು ವಾರದ ಆವೃತ್ತಿಯನ್ನು ಆರಿಸಿಕೊಂಡು ಅದರ ಮೇಲೆ ಎಲ್‌ಟಿಎಸ್ ಕಟ್ಟುತ್ತಾರೆ, ಆಮೇಲೆ ನಾಲ್ಕು ವಾರಕ್ಕೊಂದು ತಿದ್ದುಪಡಿ ಬರುತ್ತದೆ. ಆವೃತ್ತಿಯಲ್ಲಿ ಮೂರು ಅಂಕಿ ಇದ್ದರೆ ಅದು ಎಲ್‌ಟಿಎಸ್, ಎರಡೇ ಇದ್ದರೆ ವಾರದ್ದು.

ಪ್ರತಿ ಎಲ್‌ಟಿಎಸ್ ಸಾಲಿಗೂ ಒಂದು ಅಪ್‌ಗ್ರೇಡ್ ಗೈಡ್ ಇರುತ್ತದೆ. ನಾವು ಮಾಡಿದ ದೊಡ್ಡ ತಪ್ಪು ಅಂದರೆ 2.479ರ ಗೈಡ್ ಒಂದನ್ನೇ ಓದಿದ್ದು. 2.303ರಿಂದ 2.479ರ ನಡುವೆ ಹನ್ನೆರಡು ಸಾಲುಗಳಿವೆ. ಪ್ರತಿ ಸಾಲಿನಲ್ಲೂ ಏನೋ ಒಂದು ಬದಲಾಗಿದೆ. ನಾವು ಅನುಭವಿಸಿದ ದೋಷಗಳಲ್ಲಿ ಬಹುಪಾಲು ಆ ಗೈಡ್‌ಗಳಲ್ಲಿ ಒಂದೊಂದು ಪ್ಯಾರಾ ಆಗಿ ಮೊದಲೇ ಇತ್ತು. ಅವರು ಹೊಸದು ಅಂತ ಬರೆದದ್ದೇ ನಮ್ಮಲ್ಲಿ ಮುರಿದುಬಿದ್ದಿತ್ತು. ಹಾಗಾಗಿ ದೋಷ ಹುಡುಕಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಹಳೇ ಆವೃತ್ತಿ, ಹೊಸ ಆವೃತ್ತಿ ಬರೆದುಕೊಳ್ಳಿ. ನಡುವಿನ ಎಲ್ಲಾ ಗೈಡ್ ಓದಿ. ಒಂದು ಗಂಟೆಯ ಕೆಲಸ ಅಷ್ಟೇ.

ಇನ್ನೊಂದು ಮಾತು. ಹಿಂದಿನ ಆವೃತ್ತಿಗೆ ವಾಪಸ್ ಹೋಗೋಣ ಅನ್ನುವ ಆಸೆ ಬರುತ್ತದೆ. ಹೊಸ ಜೆಂಕಿನ್ಸ್ ಒಮ್ಮೆ ಎದ್ದು ಸೆಟ್ಟಿಂಗ್ ಫೈಲ್‌ಗಳನ್ನು ತನ್ನ ರೀತಿಯಲ್ಲಿ ಬರೆದುಬಿಟ್ಟರೆ ಹಳೆಯದು ಅವನ್ನು ಸರಿಯಾಗಿ ಓದುತ್ತದೆ ಅಂತ ನಂಬುವ ಹಾಗಿಲ್ಲ. ವಾಪಸ್ ಹೋಗುವುದಾದರೆ ಹಳೇ ವಾರ್ ಫೈಲ್ (ಜೆಂಕಿನ್ಸ್ ಪ್ರೋಗ್ರಾಮ್ ಇರುವ ಫೈಲ್) ಜೊತೆಗೆ ಹಳೇ ಹೋಮ್ ಫೋಲ್ಡರಿನ (ಜಾಬ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್) ಬ್ಯಾಕಪ್ ಕೂಡ ಬೇಕು. ನಮ್ಮ ಹಳೇ ಡೆಸ್ಕ್‌ಟಾಪನ್ನು ನಾವು ಅಳಿಸಿರಲಿಲ್ಲ. ಅದೊಂದು ಧೈರ್ಯ ಇತ್ತು.

ಇನ್‌ಸ್ಟಾಲೇ ಆಗದಿದ್ದರೆ

ಹೊಸ ಯಂತ್ರಕ್ಕೆ ಉಬುಂಟು ಹಾಕಿ, ಮೂರು ವರ್ಷ ಹಿಂದೆ ಬರೆದಿಟ್ಟ ನೋಟ್ಸ್ ನೋಡಿಕೊಂಡು ಜೆಂಕಿನ್ಸ್ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ರಿಪಾಸಿಟರಿ ಸೇರಿಸಿದೆವು. ಸಾರ್ವಜನಿಕ ಕೀಲಿ ಸಿಗುತ್ತಿಲ್ಲ ಅಂತ ಆಪ್ಟ್ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) ಹಟ ಹಿಡಿಯಿತು. ಕಾರಣ ಸರಳ. ಪ್ಯಾಕೇಜ್‌ಗಳಿಗೆ ಸಹಿ ಹಾಕುವ ಕೀಲಿಗೆ ಅವಧಿ ಇರುತ್ತದೆ. 2020ರಲ್ಲಿ ಒಮ್ಮೆ ಬದಲಾಗಿತ್ತು, 2023ರಲ್ಲಿ ಮತ್ತೆ ಬದಲಾಯಿತು. ಎಲ್‌ಟಿಎಸ್‌ನಲ್ಲಿ ಆ ಬದಲಾವಣೆ ಬಂದಿದ್ದು 2.387.2ರಿಂದ. ಜೆಂಕಿನ್ಸ್‌ನ ಡೌನ್‌ಲೋಡ್ ಪುಟದಲ್ಲಿ ಈಗ ಯಾವ ಕೀಲಿ ಇದೆಯೋ ಅದನ್ನೇ ಹಾಕಿ, ಹಳೇ ನೋಟ್ಸ್‌ನಲ್ಲಿರುವುದು ಬೇಡ. ಸಹಿ ಪರೀಕ್ಷೆಯನ್ನೇ ಆಫ್ ಮಾಡಿ ಮುಂದೆ ಹೋಗುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಗಿರಾಕಿಗಳ ಸೆಟಪ್ ಕಟ್ಟುವ ಯಂತ್ರ ಅದು.

ಸರ್ವಿಸ್ ಏಳದಿದ್ದರೆ

ಇನ್‌ಸ್ಟಾಲ್ ಆಯಿತು. ಸರ್ವಿಸ್ ಸ್ಟಾರ್ಟ್ ಆಗಲಿಲ್ಲ. ಸರ್ವಿಸ್‌ಗಳನ್ನು ನಿಯಂತ್ರಿಸುವ ಕಮಾಂಡ್ ಸಿಸ್ಟಮ್‌ಸಿಟಿಎಲ್. ಅದಕ್ಕೆ ಸ್ಟೇಟಸ್ ಕೊಟ್ಟರೆ ಕೊನೆಯಲ್ಲಿ ಒಂದು ಸಾಲು: ಸ್ಟಾರ್ಟ್ ಮಾಡುವ ಕೋರಿಕೆ ತೀರಾ ಬೇಗಬೇಗ ಬಂತು ಅಂತ. ನಮ್ಮಲ್ಲಿ ಹೊಸದಾಗಿ ಸೇರಿದ ಚಿತ್ರದುರ್ಗದ ಹುಡುಗಿ ಆ ಸಾಲನ್ನೇ ಹಿಡಿದು ಅರ್ಧ ದಿನ ಹುಡುಕಿದಳು. ಅವಳದು ತಪ್ಪಲ್ಲ. ಕಣ್ಣಿಗೆ ಬೀಳುವುದೇ ಅದು.

ಆ ಸಾಲು ಕಾಯಿಲೆಯಲ್ಲ. ಜೆಂಕಿನ್ಸ್ ಬಿದ್ದಾಗ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಭಾಗ) ಅದನ್ನು ಮತ್ತೆ ಎಬ್ಬಿಸುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಎಬ್ಬಿಸುತ್ತದೆ. ಐದು ಸಲ ಆದಮೇಲೆ ಸಾಕು ಅಂತ ಬಿಟ್ಟುಬಿಡುತ್ತದೆ. ಆ ಬಿಟ್ಟುಬಿಟ್ಟ ಸುದ್ದಿಯೇ ಕೊನೇ ಸಾಲು. ನಿಜವಾದ ಕಾರಣ ಮೇಲೆ ಎಲ್ಲೋ ಇರುತ್ತದೆ. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ಗೆ ಜೆಂಕಿನ್ಸ್ ಯೂನಿಟ್ ಹೆಸರು ಕೊಟ್ಟು, ನೀವು ಸ್ಟಾರ್ಟ್ ಒತ್ತಿದ ಸಮಯದಿಂದ ಶುರುಮಾಡಿ ಮೇಲಿನಿಂದ ಕೆಳಕ್ಕೆ ಓದಿ. ಮೊದಲು ಬಂದ ತಪ್ಪನ್ನು ಹಿಡಿಯಿರಿ. ಜಾವಾದ ಉದ್ದನೆಯ ಸಾಲುಗಳ ಕಂತು ಬಂದರೆ ಆ ಒಂದು ಕಂತಿನ ಒಳಗೆ ಮಾತ್ರ ಕೆಳಕ್ಕೆ ಹೋಗಿ. 'ಕಾಸ್ಡ್ ಬೈ' ಅಂತ ಶುರುವಾಗುವ ಕೊನೆಯ ಸಾಲೇ ಬುಡ. ಅಂದರೆ ಕಂತುಗಳಲ್ಲಿ ಮೊದಲನೆಯದು, ಆ ಕಂತಿನ ಒಳಗೆ ಕೊನೆಯದು. ಇದು ಒಮ್ಮೆ ಅಭ್ಯಾಸವಾದರೆ ಎಂಥ ಲಾಗ್ ಬಂದರೂ ಭಯ ಆಗುವುದಿಲ್ಲ.

ನಮ್ಮ ಲಾಗ್‌ನಲ್ಲಿ ಮೊದಲ ಸಾಲೇ ಎಲ್ಲ ಹೇಳಿತ್ತು. ಜಾವಾ 11ರಲ್ಲಿ ಓಡಿಸುತ್ತಿದ್ದೀರಿ, ಕನಿಷ್ಠ ಜಾವಾ 17 ಬೇಕು, 17 ಮತ್ತು 21 ಮಾತ್ರ ನಡೆಯುತ್ತದೆ ಅಂತ. ಜೆಂಕಿನ್ಸ್ ಜಾವಾ 8 ಬಿಟ್ಟು 11 ಕೇಳಲು ಶುರುಮಾಡಿದ್ದು 2022ರಲ್ಲಿ, ಎಲ್‌ಟಿಎಸ್ 2.361.1ರಿಂದ. 17 ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ ಬಂದ 2.479.1ರಿಂದ. ನಾವು ಎರಡೂ ಮೆಟ್ಟಿಲನ್ನು ಒಟ್ಟಿಗೆ ಹಾರಿದ್ದೆವು.

ಇಲ್ಲಿ ಒಂದು ಎಚ್ಚರ. ಯಂತ್ರದಲ್ಲಿ ಎರಡು ಜಾವಾ ಇರಬಹುದು. ಬೇರೆ ಕೆಲಸಕ್ಕೆ ಜಾವಾ 11 ಬೇಕು ಅಂತಿದ್ದರೆ ಅದನ್ನು ತೆಗೆಯಬೇಡಿ. ಸಿಸ್ಟಮ್‌ಸಿಟಿಎಲ್ ಎಡಿಟ್ ಜೆಂಕಿನ್ಸ್ ಅಂತ ಕೊಟ್ಟು, ಸರ್ವಿಸ್ ವಿಭಾಗದಲ್ಲಿ ಜಾವಾ ಹೋಮ್ ಎನ್ವಿರಾನ್‌ಮೆಂಟ್ ಸಾಲು ಬರೆದು 17ರ ಫೋಲ್ಡರ್ ತೋರಿಸಿ. ಜೆಂಕಿನ್ಸ್‌ಗೆ ಮಾತ್ರ 17 ಸಿಗುತ್ತದೆ, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರುತ್ತದೆ.

ನಿಧಾನ ಡಿಸ್ಕ್ ಇರುವವರಿಗೆ ಇನ್ನೊಂದು ರೀತಿ ಆಗಬಹುದು. ಜೆಂಕಿನ್ಸ್ ಏಳುತ್ತಲೇ ಇರುತ್ತದೆ, ಅಷ್ಟರಲ್ಲಿ ಸಮಯ ಮೀರಿತು ಅಂತ ಸಿಸ್ಟಮ್‌ಡಿ ಅದನ್ನು ನಿಲ್ಲಿಸುತ್ತದೆ. ಸಾಮಾನ್ಯವಾಗಿ ಸಿಸ್ಟಮ್‌ಡಿ ಕೊಡುವ ಕಾಲಾವಕಾಶ 90 ಸೆಕೆಂಡ್. ಹಳೇ ಬಿಲ್ಡ್‌ಗಳ ದಾಖಲೆ ಸಾವಿರಾರು ಇದ್ದರೆ ಅಷ್ಟು ಸಾಲದು. ಅದೇ ಎಡಿಟ್ ಫೈಲ್‌ನಲ್ಲಿ ಟೈಮ್‌ಔಟ್ ಸ್ಟಾರ್ಟ್ ಸೆಕ್ ಅನ್ನುವ ಸಾಲು ಹಾಕಿ ಹೆಚ್ಚಿಸಿ.

ಎದ್ದಿತು, ಆದರೆ ಖಾಲಿ

ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆ. ಬ್ರೌಸರ್‌ನಲ್ಲಿ ಜೆಂಕಿನ್ಸ್ ಪುಟ ಬಂತು. ನಮ್ಮ ಜಾಬ್‌ಗಳ ಪಟ್ಟಿ ಬರಬೇಕಾದ ಜಾಗದಲ್ಲಿ ಬೇರೆಯೇ ಪುಟ. ಜೆಂಕಿನ್ಸ್ ಬೀಗ ತೆಗೆಯಿರಿ, ಮೊದಲ ಪಾಸ್‌ವರ್ಡ್ ಈ ಫೈಲ್‌ನಲ್ಲಿದೆ ಅಂತ. ಆ ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಣ್ಣ, ಜಾಬ್ ಒಂದೂ ಕಾಣ್ತಿಲ್ಲ. ಎಲ್ಲಾ ಹೋದ್ವಾ?"

"ಏನೂ ಹೋಗಿಲ್ಲಮ್ಮ, ತಡಿ. ಅದು ಬೇರೆ ಮನೆಗೆ ಹೋಗಿ ಬಾಗಿಲು ಬಡೀತಾ ಇದೆ ಅಷ್ಟೇ."

ಹೇಳಿದೆ, ಆದರೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆ ಪುಟ ಬಂದಾಗ ಮಾಡಲೇಬಾರದ ಕೆಲಸ ಅಂದರೆ ಪಾಸ್‌ವರ್ಡ್ ಹಾಕಿ ಮುಂದೆ ಒತ್ತುವುದು. ಒತ್ತಿದರೆ ಹೊಸ ಜಾಗದಲ್ಲಿ ಹೊಸ ಸಂಸಾರ ಶುರುವಾಗುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಆಮೇಲೆ ಗೊಂದಲ. ಮೊದಲು ಪುಟವನ್ನು ಸರಿಯಾಗಿ ಓದಿ. ಪಾಸ್‌ವರ್ಡ್ ಫೈಲ್ ಎಲ್ಲಿದೆ ಅಂತ ಅದೇ ಹೇಳುತ್ತದೆ. ನಮ್ಮದರಲ್ಲಿ ಬರೆದಿದ್ದು ವಾರ್ ಫೋಲ್ಡರಿನ ಒಳಗಿನ ಲಿಬ್, ಅದರೊಳಗಿನ ಜೆಂಕಿನ್ಸ್. ನಮ್ಮ ಹೋಮ್ ಇದ್ದದ್ದು ಎರಡನೇ ಡಿಸ್ಕ್‌ನಲ್ಲಿ. (ವಾರ್ ಅಂದರೆ ಇಲ್ಲಿ ಲಿನಕ್ಸ್‌ನ ವಿಎಆರ್ ಫೋಲ್ಡರ್, ಜೆಂಕಿನ್ಸ್‌ನ ವಾರ್ ಫೈಲ್ ಅಲ್ಲ.)

ಯಾಕೆ ಹೀಗಾಯಿತು? ಹಳೇ ಯಂತ್ರದಲ್ಲಿ ಹೋಮ್ ಎಲ್ಲಿದೆ, ಪೋರ್ಟ್ ಎಷ್ಟು, ಜಾವಾಕ್ಕೆ ಎಷ್ಟು ಮೆಮೊರಿ ಅನ್ನುವುದನ್ನೆಲ್ಲ ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನ ಜೆಂಕಿನ್ಸ್ ಫೈಲ್‌ನಲ್ಲಿ ಬರೆದಿದ್ದೆವು. ಆ ಫೈಲನ್ನು ಹಾಗೇ ಹೊಸ ಯಂತ್ರಕ್ಕೆ ನಕಲು ಮಾಡಿದೆವು. ಆದರೆ 2022ರ 2.332.1ರಿಂದ ಲಿನಕ್ಸ್ ಪ್ಯಾಕೇಜ್‌ಗಳು ಹಳೇ ಇನಿಟ್ ಸ್ಕ್ರಿಪ್ಟ್ ಬಿಟ್ಟು ಸಿಸ್ಟಮ್‌ಡಿ ಪದ್ಧತಿಗೆ ಬಂದಿವೆ. ಇರುವ ಯಂತ್ರದಲ್ಲೇ ಅಪ್‌ಗ್ರೇಡ್ ಮಾಡಿದ್ದರೆ ಹಳೇ ಸೆಟ್ಟಿಂಗನ್ನು ಸಾಗಿಸಲು ಪ್ಯಾಕೇಜ್ ತಾನೇ ಪ್ರಯತ್ನಿಸುತ್ತದೆ. ಹೊಸ ಯಂತ್ರದಲ್ಲಿ ಆ ಮಾತೇ ಇಲ್ಲ. ನಾವು ನಕಲು ಮಾಡಿಟ್ಟ ಫೈಲನ್ನು ಸಿಸ್ಟಮ್‌ಡಿ ಕಣ್ಣೆತ್ತಿಯೂ ನೋಡಲಿಲ್ಲ. ಪೋರ್ಟ್ ಕೂಡ 8080ಕ್ಕೆ ವಾಪಸ್ ಹೋಗಿತ್ತು. ನಮ್ಮದು 8090. ಅದನ್ನು ಆ ಹುಡುಗಿಯೇ ಮೊದಲು ಗಮನಿಸಿದ್ದು, ಸುಳಿವು ಸಿಕ್ಕಿದ್ದೂ ಅಲ್ಲಿಂದಲೇ. ಪೋರ್ಟ್ ಮರೆತಿದ್ದರೆ ಹೋಮ್ ಕೂಡ ಮರೆತಿರಬೇಕು, ಅಲ್ವಾ?

ಸರಿಪಡಿಸುವುದು ಹೀಗೆ. ಸರ್ವಿಸ್ ನಿಲ್ಲಿಸಿ. ಸಿಸ್ಟಮ್‌ಸಿಟಿಎಲ್ ಎಡಿಟ್ ಜೆಂಕಿನ್ಸ್ ಕೊಡಿ. ತೆರೆದ ಫೈಲ್‌ನಲ್ಲಿ ಸರ್ವಿಸ್ ತಲೆಬರಹದ ಕೆಳಗೆ ಜೆಂಕಿನ್ಸ್ ಹೋಮ್, ಜೆಂಕಿನ್ಸ್ ಪೋರ್ಟ್, ಜಾವಾ ಆಪ್ಷನ್ಸ್ ಮೂರನ್ನೂ ಎನ್ವಿರಾನ್‌ಮೆಂಟ್ ಸಾಲುಗಳಾಗಿ ಬರೆಯಿರಿ. ವರ್ಕಿಂಗ್ ಡೈರೆಕ್ಟರಿ ಸಾಲನ್ನೂ ಅದೇ ಹೋಮ್‌ಗೆ ತಿರುಗಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಸರ್ವಿಸ್ ಫೈಲನ್ನು ನೇರವಾಗಿ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ. ಬರೆದದ್ದು ನಿಜಕ್ಕೂ ಹತ್ತಿತೋ ಇಲ್ಲವೋ ನೋಡಲು ಸಿಸ್ಟಮ್‌ಸಿಟಿಎಲ್ ಕ್ಯಾಟ್ ಜೆಂಕಿನ್ಸ್ ಕೊಡಿ. ಮೂಲ ಫೈಲ್, ಅದರ ಕೆಳಗೆ ನಿಮ್ಮ ಸಾಲುಗಳು, ಎರಡೂ ಒಟ್ಟಿಗೆ ಕಾಣುತ್ತವೆ.

ಸ್ಟಾರ್ಟ್ ಮಾಡಿದೆವು. ಈ ಸಲ ಅನುಮತಿ ಇಲ್ಲ ಅನ್ನುವ ತಪ್ಪು. ಹೋಮ್ ಫೋಲ್ಡರನ್ನು ಹೊಸ ಯಂತ್ರದಲ್ಲಿ ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಆಗಿ ನಕಲು ಮಾಡಿದ್ದೆವು. ಹಳೇ ಯಂತ್ರದಲ್ಲಿ ಜೆಂಕಿನ್ಸ್ ಬಳಕೆದಾರನ ಸಂಖ್ಯೆ ಒಂದು, ಹೊಸದರಲ್ಲಿ ಇನ್ನೊಂದು. ಫೈಲ್‌ಗಳ ಮೇಲೆ ಇರುವುದು ಸಂಖ್ಯೆ ಮಾತ್ರ, ಹೆಸರಲ್ಲ. ಎಲ್‌ಎಸ್‌ಗೆ ಎನ್ ಆಯ್ಕೆ ಕೊಟ್ಟು ನೋಡಿದರೆ ಆ ಸಂಖ್ಯೆ ಕಾಣುತ್ತದೆ. ಚೌನ್ ಕಮಾಂಡ್ ಕೊಟ್ಟು ಇಡೀ ಹೋಮನ್ನು ಜೆಂಕಿನ್ಸ್ ಬಳಕೆದಾರನ ಹೆಸರಿಗೆ ಮಾಡಿ. ಡಾಕರ್‌ನಲ್ಲಿ ಅಧಿಕೃತ ಇಮೇಜ್ ಓಡಿಸುವವರಿಗೂ ಇದೇ ಸಮಸ್ಯೆ ಬರುತ್ತದೆ. ಅಲ್ಲಿ ಬಳಕೆದಾರ ಸಂಖ್ಯೆ 1000.

ಅದಾದಮೇಲೆ ಪುಟ ತೆರೆದರೆ ನಮ್ಮ ಜಾಬ್‌ಗಳೆಲ್ಲ ಸಾಲಾಗಿ ನಿಂತಿದ್ದವು. ಹೋಮ್ ಸರಿಯಾಗಿ ಬಂದಿದೆಯೇ ಅಂತ ಖಾತ್ರಿ ಮಾಡಿಕೊಳ್ಳಲು ನಾನು ನೋಡುವುದು ಬಿಲ್ಡ್ ಸಂಖ್ಯೆ. ಪ್ರತಿ ಜಾಬ್ ಫೋಲ್ಡರಿನಲ್ಲೂ ಮುಂದಿನ ಬಿಲ್ಡ್ ಸಂಖ್ಯೆ ಬರೆದ ಒಂದು ಪುಟ್ಟ ಫೈಲ್ ಇರುತ್ತದೆ. ಅದು ಹಳೇ ಯಂತ್ರದ ಸಂಖ್ಯೆಯಿಂದಲೇ ಮುಂದುವರಿದರೆ ನಕಲು ಪೂರ್ತಿ ಆಗಿದೆ ಅಂತ ಲೆಕ್ಕ.

ಪಾಸ್‌ವರ್ಡ್‌ಗಳು ಕೆಟ್ಟರೆ

ಜಾಬ್ ಇದೆ, ಬಿಲ್ಡ್ ಒತ್ತಿದರೆ ಗಿಟ್ (ನಮ್ಮ ಕೋಡ್ ಇಟ್ಟಿರುವ ವ್ಯವಸ್ಥೆ) ಲಾಗಿನ್ ಆಗುತ್ತಿಲ್ಲ. ಕ್ರೆಡೆನ್ಷಿಯಲ್ (ಲಾಗಿನ್ ವಿವರ) ಪಟ್ಟಿಯಲ್ಲಿ ಹೆಸರುಗಳು ಇವೆ, ಒಳಗಿನ ಗುಟ್ಟು ಇಲ್ಲ. ಜೆಂಕಿನ್ಸ್ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಡುತ್ತದೆ. ಅದನ್ನು ಬಿಡಿಸುವ ಕೀಲಿಗಳು ಹೋಮ್‌ನ ಒಳಗಿನ ಸೀಕ್ರೆಟ್ಸ್ ಫೋಲ್ಡರಿನಲ್ಲಿರುತ್ತವೆ. ಮುಖ್ಯವಾಗಿ ಮಾಸ್ಟರ್ ಕೀ ಅನ್ನುವ ಫೈಲ್, ಜೊತೆಗೆ ಹಡ್ಸನ್ ಯುಟಿಲ್ ಸೀಕ್ರೆಟ್ ಅನ್ನುವ ಫೈಲ್. (2011ರಲ್ಲಿ ಹೆಸರು ಬದಲಾಗುವ ತನಕ ಜೆಂಕಿನ್ಸ್‌ನ ಹೆಸರು ಹಡ್ಸನ್ ಅಂತಿತ್ತು. ಒಳಗಿನ ಎಷ್ಟೋ ಫೈಲ್‌ಗಳು ಇನ್ನೂ ಆ ಹೆಸರನ್ನೇ ಇಟ್ಟುಕೊಂಡಿವೆ.) ನಾವು ಮೊದಲ ಸಲ ನಕಲು ಮಾಡುವಾಗ ಹಳೇ ಯಂತ್ರದಲ್ಲಿ ಆ ಫೋಲ್ಡರಿಗೆ ಓದುವ ಅನುಮತಿ ಸಿಗದೆ ಅದು ಬಿಟ್ಟುಹೋಗಿತ್ತು. ನಕಲಿನ ಕಮಾಂಡ್ ಒಂದು ಸಾಲು ಎಚ್ಚರಿಕೆ ಕೊಟ್ಟಿತ್ತು, ನೂರಾರು ಸಾಲುಗಳ ನಡುವೆ ನಮಗೆ ಕಾಣಲಿಲ್ಲ.

ಹೊಸ ಯಂತ್ರದ ಸರ್ವಿಸ್ ನಿಲ್ಲಿಸಿ, ಹಳೇ ಯಂತ್ರದಿಂದ ಸೀಕ್ರೆಟ್ಸ್ ಫೋಲ್ಡರನ್ನು ತಂದು ಹಾಕಿ, ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಹಳೇ ಯಂತ್ರ ಉಳಿದಿರದಿದ್ದರೆ ಪ್ರತಿ ಗಿರಾಕಿಯ ಸಹಿ ಕೀಲಿ, ಪ್ರತಿ ಟೋಕನ್ ಹೊಸದಾಗಿ ಹಾಕಬೇಕಿತ್ತು. ಬ್ಯಾಕಪ್ ಮಾಡುವವರು ಈ ಫೋಲ್ಡರನ್ನು ಬಿಡಬೇಡಿ. ಹಾಗೆಯೇ ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಡಿ. ಆ ಕೀಲಿ ಇದ್ದವರಿಗೆ ಎಲ್ಲಾ ಪಾಸ್‌ವರ್ಡ್ ತೆರೆದ ಪುಸ್ತಕ.

ಪ್ಲಗಿನ್ ತಕರಾರು

ಪ್ಲಗಿನ್ ಅಂದರೆ ಜೆಂಕಿನ್ಸ್‌ಗೆ ಬೇರೆಯಾಗಿ ಸೇರಿಸುವ ತುಣುಕು. 2.479.1ರಲ್ಲಿ ಜೆಂಕಿನ್ಸ್ ಒಳಗಿನ ಪಾಯವೇ ಬದಲಾಗಿದೆ. ವೆಬ್ ಸರ್ವರ್ ಜೆಟ್ಟಿ 12ಕ್ಕೆ ಏರಿತು, ಲಾಗಿನ್ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯುರಿಟಿ 6ಕ್ಕೆ ಏರಿತು, ಜಾವಾ ವೆಬ್ ಕೋಡಿನ ಮಾನದಂಡವಾಗಿ ಜಕಾರ್ತಾ ಇಇ 9 ಬಂತು. ಹಳೇ ಪ್ಲಗಿನ್‌ಗಳಿಗೆ ಹೊಂದಿಕೊಳ್ಳುವ ವ್ಯವಸ್ಥೆ ಮಾಡಿದ್ದಾರೆ. ಆದರೂ ವರ್ಷಗಟ್ಟಲೆ ಮುಟ್ಟದ ಪ್ಲಗಿನ್‌ಗಳು, ಅದರಲ್ಲೂ ಲಾಗಿನ್‌ಗೆ ಸಂಬಂಧಪಟ್ಟವು, ತೊಂದರೆ ಕೊಡುತ್ತವೆ. ಸರಿಯಾದ ಕ್ರಮ ಅಂದರೆ ಅಪ್‌ಗ್ರೇಡ್‌ಗೆ ಮುಂಚೆ ಒಮ್ಮೆ ಎಲ್ಲ ಪ್ಲಗಿನ್ ಅಪ್‌ಡೇಟ್ ಮಾಡುವುದು, ಆದಮೇಲೆ ಮತ್ತೊಮ್ಮೆ ಮಾಡುವುದು.

ಒಂದು ಪ್ಲಗಿನ್‌ನಿಂದಾಗಿ ಜೆಂಕಿನ್ಸೇ ಏಳದಿದ್ದರೆ ಹೋಮ್‌ನ ಪ್ಲಗಿನ್ಸ್ ಫೋಲ್ಡರಿಗೆ ಹೋಗಿ. ಆ ಪ್ಲಗಿನ್‌ನ ಜೆಪಿಐ ಫೈಲನ್ನು ಹಾಗೇ ಬಿಟ್ಟು, ಅದರ ಹೆಸರಿನ ಕೊನೆಗೆ ಚುಕ್ಕಿ ಡಿಸೇಬಲ್ಡ್ ಸೇರಿಸಿದ ಹೆಸರಿನಲ್ಲಿ ಪಕ್ಕದಲ್ಲೇ ಒಂದು ಖಾಲಿ ಫೈಲ್ ಮಾಡಿ ರೀಸ್ಟಾರ್ಟ್ ಕೊಡಿ. ಅದನ್ನು ಬಿಟ್ಟು ಮಿಕ್ಕಿದ್ದು ಏಳುತ್ತದೆ. ಒಂದು ಸಲಕ್ಕೆ ಒಂದೇ ಪ್ಲಗಿನ್. ನಾಲ್ಕು ಒಟ್ಟಿಗೆ ಆಫ್ ಮಾಡಿದರೆ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ.

ಬಿಲ್ಡ್ ಸಾಲಿನಲ್ಲೇ ಕೂತರೆ

ಬಿಲ್ಡ್ ಒತ್ತಿದೆವು. ಕೆಂಪೂ ಇಲ್ಲ, ಹಸಿರೂ ಇಲ್ಲ. ಸಾಲಿನಲ್ಲಿ ಕೂತಿದೆ. ಸಾಲಿನಲ್ಲಿರುವ ಬಿಲ್ಡ್ ಮೇಲೆ ಮೌಸ್ ಇಟ್ಟರೆ ಕಾರಣ ತೋರಿಸುತ್ತದೆ. ಮಾಸ್ಟರ್ ಅನ್ನುವ ಲೇಬಲ್ ಇರುವ ನೋಡ್ ಇಲ್ಲ ಅಂತ ಇತ್ತು. ನೋಡ್ ಅಂದರೆ ಬಿಲ್ಡ್ ಓಡುವ ಯಂತ್ರ.

ಮೊದಲು ಮುಖ್ಯ ಸರ್ವರನ್ನು ಮಾಸ್ಟರ್ ಅನ್ನುತ್ತಿದ್ದರು. ಈಗ ಸರ್ವರ್‌ಗೆ ಕಂಟ್ರೋಲರ್ ಅಂತಲೂ, ಅದರ ಮೇಲೇ ಬಿಲ್ಡ್ ಓಡಿಸುವ ನೋಡ್‌ಗೆ ಬಿಲ್ಟ್ ಇನ್ ನೋಡ್ ಅಂತಲೂ ಹೆಸರು. ಎಲ್‌ಟಿಎಸ್‌ನಲ್ಲಿ 2.319.1ರಿಂದ ಈ ಬದಲಾವಣೆ. ಹಳೇ ಹೋಮ್ ಇದ್ದರೆ ಜೆಂಕಿನ್ಸ್ ತಾನಾಗಿ ಬದಲಾಯಿಸುವುದಿಲ್ಲ. ಆಡಳಿತ ಪುಟದಲ್ಲಿ ಒಂದು ಸೂಚನೆ ಹಾಕಿ, ಬದಲಾಯಿಸಲೇ ಅಂತ ಕೇಳುತ್ತದೆ. ನಮ್ಮಲ್ಲಿ ಯಾರೋ ಸೂಚನೆಗಳನ್ನು ಖಾಲಿ ಮಾಡುವ ಭರದಲ್ಲಿ ಹೂಂ ಅಂದಿದ್ದರು. ಪೈಪ್‌ಲೈನ್‌ಗಳಲ್ಲಿ (ಬಿಲ್ಡ್‌ನ ಹಂತಗಳನ್ನು ಬರೆದಿಡುವ ಸ್ಕ್ರಿಪ್ಟ್‌ಗಳು) ಮಾಸ್ಟರ್ ಅಂತ ಬರೆದಿದ್ದ ಕಡೆಯಲ್ಲೆಲ್ಲ ಬಿಲ್ಡ್ ನಿಂತಿತು. ಲೇಬಲ್ ಬದಲಾಯಿಸಿದರೆ ಮುಗಿಯಿತು. ಆದರೆ ಸ್ಕ್ರಿಪ್ಟ್ ಒಳಗೆ ನೋಡ್ ನೇಮ್ ಅನ್ನುವ ವೇರಿಯಬಲ್ ನೋಡಿ ಏನಾದರೂ ನಿರ್ಧಾರ ಮಾಡುತ್ತಿದ್ದರೆ ಅದನ್ನೂ ಹುಡುಕಿ. ಅದರ ಮೌಲ್ಯವೂ ಬದಲಾಗಿರುತ್ತದೆ. ಇದು ತಪ್ಪು ಅಂತ ತೋರಿಸುವುದಿಲ್ಲ, ಸುಮ್ನೆ ಬೇರೆ ದಾರಿಯಲ್ಲಿ ಹೋಗಿಬಿಡುತ್ತದೆ. ಅದಕ್ಕೇ ಜಾಸ್ತಿ ಅಪಾಯ.

ಸಾಲಿನಲ್ಲಿ ಕೂರಲು ಇನ್ನೊಂದು ಕಾರಣ ಡಿಸ್ಕ್. ಖಾಲಿ ಜಾಗ ಒಂದು ಮಿತಿಗಿಂತ ಕಮ್ಮಿಯಾದರೆ ಜೆಂಕಿನ್ಸ್ ಆ ನೋಡನ್ನು ಆಫ್‌ಲೈನ್ ಮಾಡುತ್ತದೆ. ಮಿತಿ ಮೊದಲಿನಿಂದ ಇರುವುದು 1 ಜಿಬಿ. ಟೆಂಪ್ ಫೋಲ್ಡರನ್ನೂ ಬೇರೆಯಾಗಿ ನೋಡುತ್ತದೆ. ದೊಡ್ಡ ಡಿಸ್ಕ್ ಖಾಲಿ ಇದ್ದರೂ ಟೆಂಪ್ ತುಂಬಿದ್ದರೆ ನೋಡ್ ನಿಲ್ಲುತ್ತದೆ. ನೋಡ್‌ಗಳ ಪುಟದಲ್ಲಿ ಎರಡೂ ಪಕ್ಕಪಕ್ಕ ಕಾಣುತ್ತವೆ. ಅದೇ ಪುಟದಲ್ಲಿ ಗಡಿಯಾರದ ವ್ಯತ್ಯಾಸವೂ ಇದೆ. ನಮ್ಮ ಕಡೆ ಕರೆಂಟ್ ಹೋಗಿಬಂದು ಮಾಡುತ್ತದೆ. ಯಂತ್ರದ ಬೋರ್ಡ್ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ, ಆಗ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅನ್ನುವ ವಿಚಿತ್ರ ತಪ್ಪು ಬರುತ್ತದೆ. ಬ್ಯಾಟರಿ ಬದಲಾಯಿಸಿ.

ಗಿಟ್ ಕೋಡ್ ತರದಿದ್ದರೆ

ಎರಡು ತಪ್ಪು ಕಂಡೆವು. ಒಂದು, ಹೋಸ್ಟ್ ಕೀ ಪರಿಶೀಲನೆ ವಿಫಲ. ಹೋಸ್ಟ್ ಕೀ ಅಂದರೆ ನಾವು ಸೇರುತ್ತಿರುವುದು ಸರಿಯಾದ ಸರ್ವರಿಗೇ ಅಂತ ತೋರಿಸುವ ಗುರುತು. ಗಿಟ್ ಕೋಡ್ ಇಡುವ ಸೈಟ್ ಆದ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು 2023ರ ಮಾರ್ಚ್ 24ರಂದು ಬದಲಾಯಿಸಿತು. ಹಳೇ ಹೋಮ್ ಜೊತೆ ಬಂದ ನೋನ್ ಹೋಸ್ಟ್ಸ್ ಫೈಲ್‌ನಲ್ಲಿ ಹಳೇ ಕೀ ಇದ್ದರೆ ಜಗಳ ಶುರು. ಆ ಸಾಲು ತೆಗೆದು, ಗಿಟ್‌ಹಬ್ ಪ್ರಕಟಿಸಿದ ಕೀಗೆ ಹೋಲಿಸಿ ನೋಡಿಯೇ ಹೊಸದನ್ನು ಸೇರಿಸಿ.

ಎರಡು, ಕೋಡ್ ಇರುವ ರಿಪಾಸಿಟರಿಯ ಒಡೆತನ ಸಂಶಯಾಸ್ಪದ ಅನ್ನುವ ತಪ್ಪು. 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ, ಫೋಲ್ಡರಿನ ಒಡೆಯ ಒಬ್ಬ, ಗಿಟ್ ಓಡಿಸುವವ ಇನ್ನೊಬ್ಬ ಆಗಿದ್ದರೆ ಗಿಟ್ ಕೆಲಸ ಮಾಡುವುದಿಲ್ಲ. ನಮ್ಮ ಒಂದು ಏಜೆಂಟಿನ (ಜೆಂಕಿನ್ಸ್‌ಗೆ ಸೇರಿ ಬಿಲ್ಡ್ ಓಡಿಸುವ ಬೇರೆ ಯಂತ್ರ) ವರ್ಕ್‌ಸ್ಪೇಸ್ ಫೋಲ್ಡರ್ ಇನ್ನೂ ರೂಟ್ ಹೆಸರಿನಲ್ಲಿತ್ತು. ಸೇಫ್ ಡೈರೆಕ್ಟರಿ ಪಟ್ಟಿಗೆ ಸೇರಿಸಿ ಬಾಯಿ ಮುಚ್ಚಿಸಬಹುದು. ಒಡೆತನ ಸರಿಮಾಡುವುದೇ ಸರಿಯಾದ ಮದ್ದು.

ಕೊನೆಯ ಗಂಟು: ವಿಂಡೋಸ್ ಏಜೆಂಟ್

ಗಿರಾಕಿಗಳ ಸೆಟಪ್ ಫೈಲ್ ಕಟ್ಟುವುದು ಒಂದು ವಿಂಡೋಸ್ ಯಂತ್ರ. ಅದು ಜೆಂಕಿನ್ಸ್‌ಗೆ ಏಜೆಂಟ್ ಆಗಿ ಸೇರಿಕೊಂಡಿದೆ. ಮೂರನೇ ದಿನ ಮಧ್ಯಾಹ್ನ ಮಿಕ್ಕಿದ್ದೆಲ್ಲ ಓಡುತ್ತಿತ್ತು, ಅದೊಂದು ಸೇರಲಿಲ್ಲ. ಏಜೆಂಟಿನ ಲಾಗ್‌ನಲ್ಲಿ ಒಂದು ಸಾಲು: ಕ್ಲಾಸ್ ಫೈಲ್ (ಕಂಪೈಲ್ ಆದ ಜಾವಾ ಕೋಡ್) ಆವೃತ್ತಿ 61.0, ಈ ಜಾವಾಕ್ಕೆ 52.0 ತನಕ ಮಾತ್ರ ಗೊತ್ತು.

ಈ ಸಂಖ್ಯೆಗಳು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 52 ಅಂದರೆ ಜಾವಾ 8. 55 ಅಂದರೆ 11. 61 ಅಂದರೆ 17. 65 ಅಂದರೆ 21. ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. ಅಂದರೆ ಕಂಟ್ರೋಲರ್ ಜಾವಾ 17ರ ಮಾತು ಆಡುತ್ತಿದೆ, ಏಜೆಂಟಿಗೆ ಜಾವಾ 8 ಮಾತ್ರ ಬರುತ್ತದೆ. ಕಂಟ್ರೋಲರ್‌ಗೆ ಜಾವಾ ಏರಿಸಿದಾಗ ಎಲ್ಲ ಏಜೆಂಟುಗಳಿಗೂ ಏರಿಸಬೇಕು. ಇದೂ ಗೈಡ್‌ನಲ್ಲಿ ಇದೆ.

ಆದರೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ಜಾವಾ 8ರಲ್ಲೇ ಕಂಪೈಲ್ ಆಗಬೇಕು. ಗಿರಣಿಗಳಲ್ಲಿರುವ ಎಷ್ಟೋ ಯಂತ್ರಗಳು ಹಳೆಯವು. ಅಂದಮೇಲೆ ಏಜೆಂಟಿಗೆ 17 ಹಾಕಿದರೆ ಸಾಫ್ಟ್‌ವೇರ್ ಕೆಡುವುದಿಲ್ಲವೇ? ಇಲ್ಲ. ಇಲ್ಲಿ ಎರಡು ಜಾವಾ ಇವೆ. ಏಜೆಂಟ್ ಓಡಲು ಬೇಕಾದ ಜಾವಾ ಒಂದು, ನಮ್ಮ ಕೋಡ್ ಕಂಪೈಲ್ ಮಾಡುವ ಜಾವಾ ಇನ್ನೊಂದು. ಏಜೆಂಟ್ ಸರ್ವಿಸ್‌ಗೆ 17 ತೋರಿಸಿ. ಜೆಂಕಿನ್ಸ್‌ನ ಟೂಲ್ಸ್ ಪುಟದಲ್ಲಿ ಜೆಡಿಕೆ 8ಕ್ಕೆ (ಕಂಪೈಲ್ ಮಾಡುವ ಜಾವಾ 8) ಒಂದು ಹೆಸರು ಕೊಟ್ಟು, ಪೈಪ್‌ಲೈನ್‌ನ ಟೂಲ್ಸ್ ವಿಭಾಗದಲ್ಲಿ ಆ ಹೆಸರು ಬರೆಯಿರಿ. ಎರಡೂ ತಮ್ಮತಮ್ಮ ಪಾಡಿಗೆ ಇರುತ್ತವೆ.

ಹಾಗೆ ಮಾಡಿದೆವು. ಏಜೆಂಟ್ ಸೇರಿತು. ಐದು ಜಾಬ್‌ಗಳಲ್ಲಿ ನಾಲ್ಕು ಹಸಿರಾದವು. ಒಂದು ಮಾತ್ರ ಅದೇ 61.0 ತಪ್ಪು ಹೇಳಿ ಬಿತ್ತು. ಜೆಡಿಕೆ ಸರಿಯಿದೆ, ಏಜೆಂಟ್ ಸರಿಯಿದೆ. ಸಂಜೆ ತನಕ ತಲೆ ಕೆಡಿಸಿಕೊಂಡೆವು.

ಕೊನೆಗೆ ಆ ಹುಡುಗಿಯೇ ಐದು ಜಾಬ್‌ಗಳ ಸೆಟ್ಟಿಂಗ್ ಫೈಲ್‌ಗಳನ್ನು ಪಕ್ಕಪಕ್ಕ ತೆರೆದು ಮೊದಲ ಸಾಲುಗಳನ್ನು ಹೋಲಿಸಿದಳು. "ಅಣ್ಣ, ಇದೊಂದು ಪೈಪ್‌ಲೈನ್ ಅಲ್ಲ ನೋಡಿ. ಮೇವನ್ ಪ್ರಾಜೆಕ್ಟ್ ಅಂತಿದೆ." ಅಲ್ಲೇ ಇತ್ತು ಗಂಟು. ಮೇವನ್ ಅಂದರೆ ಜಾವಾ ಕೋಡನ್ನು ಕಂಪೈಲ್ ಮಾಡಿ ಕಟ್ಟುವ ಟೂಲ್. ಮೇವನ್ ಪ್ರಾಜೆಕ್ಟ್ ಅನ್ನುವ ಹಳೇ ಮಾದರಿಯ ಜಾಬ್‌ನಲ್ಲಿ ಜೆಂಕಿನ್ಸ್ ತನ್ನ ಕೋಡನ್ನು ಮೇವನ್ ಒಳಗೇ ಸೇರಿಸಿ ಓಡಿಸುತ್ತದೆ. ಹಾಗಾಗಿ ಮೇವನ್ ಓಡುವ ಜಾವಾ ಕೂಡ ಕಂಟ್ರೋಲರ್‌ನ ಜಾವಾಕ್ಕಿಂತ ಹಳೆಯದು ಆಗುವ ಹಾಗಿಲ್ಲ. ಟೂಲ್ಸ್‌ನಲ್ಲಿ 8 ಕೊಟ್ಟಿದ್ದೇ ಅಲ್ಲಿ ಮುಳುವಾಗಿತ್ತು. ಇದಕ್ಕೆ ಎರಡು ದಾರಿ. ಮೇವನನ್ನು 17ರಲ್ಲಿ ಓಡಿಸಿ, ಮೇವನ್ ಟೂಲ್‌ಚೈನ್ಸ್ ಮೂಲಕ ಕಂಪೈಲ್ ಮಾತ್ರ 8ರಲ್ಲಿ ಮಾಡಿಸುವುದು ಒಂದು. ಆ ಜಾಬನ್ನೇ ಪೈಪ್‌ಲೈನ್ ಆಗಿ ಹೊಸದಾಗಿ ಬರೆಯುವುದು ಇನ್ನೊಂದು. ನಾವು ಎರಡನೆಯದನ್ನು ಮಾಡಿದೆವು. ಇಪ್ಪತ್ತು ಸಾಲು ಕೂಡ ಆಗಲಿಲ್ಲ.

ಅದು ತೇವಾಂಶದ ಲೆಕ್ಕ ಇರುವ ಜಾಬ್. ರಾತ್ರಿ ಎಂಟೂವರೆಗೆ ಹಸಿರಾಯಿತು. ಸೆಟಪ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾನೇ ಯಾರ್ಡಿಗೆ ಹೋದೆ. ಅಂಗಡಿಯಲ್ಲಿ ಇನ್ನೂ ಚೀಲ ಇಳಿಸುತ್ತಿದ್ದರು.